ಮನಸ್ಸಿನ ಕಾಯಿಲೆ ಗುರುತಿಸುವುದು ಹೇಗೆ? ಯಾವ ತಜ್ಞರ ಬಳಿ ಹೋಗಬೇಕು? ಇಲ್ಲಿದೆ ಮಾಹಿತಿ

ಎದೆ ಡವಡವ ಎನ್ನುತ್ತದೆ, ಆದರೆ ಇಸಿಜಿ ಸರಿಯಾಗಿದೆ. ತಿಂಗಳುಗಟ್ಟಲೆ ತಲೆನೋವು, ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ. ನಸುಕಿಗೆ ಮುಂಚೆಯೇ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ಇಂಥ ತೊಂದರೆ ಹೊತ್ತು ಒಬ್ಬ ಡಾಕ್ಟರಿಂದ ಮತ್ತೊಬ್ಬರ ಬಳಿಗೆ ಅಲೆಯುವ ಎಷ್ಟೋ ಮಂದಿಗೆ ಚಿಕಿತ್ಸೆ ಬೇಕಿರುವುದು ಮನಸ್ಸಿಗೆ.

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಬೇಸರವೋ, ಕಾಯಿಲೆಯೋ?

ಬೇಸರ, ಭಯ, ಚಿಂತೆ ಎಲ್ಲರಿಗೂ ಇದ್ದದ್ದೇ. ಮೂರು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ದಿನದಿಂದ ಹೀಗಿದೆ? ಕಾರಣ ದೂರವಾದ ಮೇಲೂ ಉಳಿದಿದೆಯೇ? ಕೆಲಸ, ಓದು, ಊಟ, ನಿದ್ದೆ, ಮನೆಯವರ ಜೊತೆಗಿನ ಮಾತುಕತೆ ಕೆಟ್ಟಿದೆಯೇ? ದಿನನಿತ್ಯದ ಬದುಕಿಗೆ ಅಡ್ಡಿಯಾಗುತ್ತಿದ್ದರೆ ತಜ್ಞರನ್ನು ಕಾಣುವುದು ಒಳ್ಳೆಯದು.

ಸಾಮಾನ್ಯ ಕಾಯಿಲೆಗಳು, ಅವುಗಳ ಲಕ್ಷಣ

* ಖಿನ್ನತೆ: ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಬೇಸರ, ಮೊದಲು ಇಷ್ಟವಾಗುತ್ತಿದ್ದುದರಲ್ಲೂ ಆಸಕ್ತಿ ಇಲ್ಲದಿರುವುದು. ಜೊತೆಗೆ ಸುಸ್ತು, ಹಸಿವು ಮತ್ತು ನಿದ್ದೆಯ ಏರುಪೇರು, ತಾನು ಯಾರಿಗೂ ಬೇಡ ಎಂಬ ಭಾವನೆ. ಥೈರಾಯ್ಡ್ ಹಾರ್ಮೋನ್ ಕೊರತೆಯಲ್ಲೂ ಇಂಥ ಲಕ್ಷಣ ಕಾಣುವುದರಿಂದ ವೈದ್ಯರು ರಕ್ತಪರೀಕ್ಷೆ ಮಾಡಿಸುವುದುಂಟು.
* ಆತಂಕ: ಸಣ್ಣಪುಟ್ಟ ವಿಷಯಕ್ಕೂ ತಿಂಗಳುಗಟ್ಟಲೆ ಹತೋಟಿಗೆ ಸಿಗದ ಚಿಂತೆ, ಸ್ನಾಯುಗಳ ಬಿಗಿತ, ಸಿಡುಕು. ಕೆಲವರಿಗೆ ಇದ್ದಕ್ಕಿದ್ದಂತೆ ಉಸಿರುಕಟ್ಟಿ, ಬೆವತು, ಸತ್ತೇ ಹೋಗುತ್ತೇನೆ ಅನ್ನಿಸುವ ಪ್ಯಾನಿಕ್ ಅಟ್ಯಾಕ್ ಆಗುತ್ತದೆ. ಮೊದಲ ಸಲ ಹೀಗಾದಾಗ ಹೃದಯದ ಪರೀಕ್ಷೆ ಮಾಡಿಸಲೇಬೇಕು.
* ಗೀಳು ರೋಗ ಅಥವಾ ಒಸಿಡಿ: ಬೇಡವೆಂದರೂ ನುಗ್ಗುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಕೈತೊಳೆಯುವುದು, ಬೀಗ ನೋಡುವುದು. ಇದು ಬರೀ ಶಿಸ್ತಲ್ಲ, ದಿನದ ಗಂಟೆಗಳನ್ನೇ ನುಂಗುತ್ತದೆ.
* ಬೈಪೋಲಾರ್: ಕೆಲ ಕಾಲ ಖಿನ್ನತೆ, ಇನ್ನು ಕೆಲ ಕಾಲ ಅತಿ ಉತ್ಸಾಹ. ಆಗ ನಿದ್ದೆಯೇ ಬೇಡ, ಮಾತು ನಿಲ್ಲದು, ಹಣ ನೀರಿನಂತೆ ಖರ್ಚು. ಈ ಉತ್ಸಾಹದ ದಿನಗಳ ಬಗ್ಗೆ ವೈದ್ಯರಿಗೆ ತಪ್ಪದೇ ಹೇಳಿ, ಏಕೆಂದರೆ ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ಉನ್ಮಾದ ಕೆರಳಬಹುದು.
* ಸ್ಕಿಜೋಫ್ರೇನಿಯಾ: ಯಾರಿಗೂ ಕೇಳದ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಪಿತೂರಿ ನಡೆಸಿದ್ದಾರೆಂಬ ನಂಬಿಕೆ, ಒಂಟಿಯಾಗಿರುವುದು. ಹೆಚ್ಚಾಗಿ ಹರೆಯದಲ್ಲಿ ಶುರುವಾಗುತ್ತದೆ. ತನಗೆ ಕಾಯಿಲೆ ಇದೆ ಎಂಬುದೇ ಅನೇಕರಿಗೆ ಅರಿವಾಗದ ಕಾರಣ ಮನೆಯವರೇ ಕರೆತರಬೇಕು.

ಯಾರು ಏನು ಮಾಡುತ್ತಾರೆ?

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಓದಿದವರು. ರೋಗ ಪತ್ತೆ ಮಾಡಿ ಔಷಧ ಬರೆಯುತ್ತಾರೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಮಾನಸಿಕ ಪರೀಕ್ಷೆ, ಥೆರಪಿ ಇವರ ಕೆಲಸ. ಇವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಕುಟುಂಬಕ್ಕೆ ತಿಳಿವಳಿಕೆ ನೀಡಿ, ರೋಗಿ ಮತ್ತೆ ಕೆಲಸಕ್ಕೆ, ಸಮಾಜಕ್ಕೆ ಮರಳಲು ನೆರವಾಗುತ್ತಾರೆ. ಕೌನ್ಸೆಲರ್‌ಗಳು ದಾಂಪತ್ಯ, ಓದು, ಉದ್ಯೋಗದ ಒತ್ತಡಕ್ಕೆ ಆಪ್ತಸಲಹೆ ಕೊಡುತ್ತಾರೆ. ಕೆಲವೇ ವಾರಗಳ ಕೋರ್ಸ್ ಮುಗಿಸಿ ಇದೇ ಹೆಸರಿನ ಬೋರ್ಡ್ ಹಾಕಿಕೊಂಡವರೂ ಇರುವುದರಿಂದ ಓದು, ಅನುಭವ ವಿಚಾರಿಸಿಕೊಳ್ಳಿ. ಬೈಪೋಲಾರ್, ಸ್ಕಿಜೋಫ್ರೇನಿಯಾಕ್ಕೆ ಬರೀ ಕೌನ್ಸೆಲಿಂಗ್ ಸಾಲದು.

ನ್ಯೂರಾಲಜಿಸ್ಟ್ ಬೇರೆಯೇ ತಜ್ಞರು. ಮೂರ್ಛೆ ರೋಗ, ಪಾರ್ಶ್ವವಾಯುವಿನಂಥ ಕಾಯಿಲೆಗಳು ಅವರ ವ್ಯಾಪ್ತಿಗೆ ಬರುತ್ತವೆ.

ನಿಮ್ಮ ನಗರದಲ್ಲಿ ಎಲ್ಲಿ?

ಸರ್ಕಾರಿ ಮನೋವೈದ್ಯಕೀಯ ಆಸ್ಪತ್ರೆಗಳು ಮುಂಬೈ ಸಮೀಪದ ಠಾಣೆ, ಪುಣೆಯ ಯೆರವಡಾ, ಚೆನ್ನೈನ ಕಿಲ್ಪಾಕ್, ಹೈದರಾಬಾದ್‌ನ ಎರ‍್ರಗಡ್ಡದಲ್ಲಿವೆ. ದೆಹಲಿಯ ದಿಲ್‌ಶಾದ್ ಗಾರ್ಡನ್‌ನಲ್ಲಿ ಇಹ್‌ಬಾಸ್ ಇದೆ. ಕರ್ನಾಟಕದಲ್ಲಿ ನಿಮ್ಹಾನ್ಸ್ ಜೊತೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಕ್ಕೂ ಹೋಗಬಹುದು.

ಮನದ ನೋವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳುವುದು ಸುಲಭವಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲೂ ರಾತ್ರಿ ತೆರೆದಿರುತ್ತದೆ. ಸೇವೆ ಸಿಗುವ ಭಾಷೆಗಳಲ್ಲಿ ಕನ್ನಡವೂ ಒಂದು.

ಇವು ನೆನಪಿರಲಿ

* ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಗುಣವಾಯಿತೆಂದು ನೀವೇ ನಿಲ್ಲಿಸಬೇಡಿ. ಅದು ನಿದ್ದೆ ಮಾತ್ರೆಯೂ ಅಲ್ಲ.
* 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ, ದೈಹಿಕ ಕಾಯಿಲೆಗಳ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮಾ ಕಂಪನಿಗಳು ವೈದ್ಯಕೀಯ ವಿಮೆ ನೀಡಬೇಕು. ಚಿಕಿತ್ಸೆಯ ವಿವರ ಗೋಪ್ಯವಾಗಿಡುವುದು ರೋಗಿಯ ಹಕ್ಕು.
* ಮೊದಲ ಭೇಟಿಗೆ ಹಳೆಯ ಚೀಟಿಗಳು, ಸದ್ಯ ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿ, ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರು ಜೊತೆಗಿರಲಿ. ಊರು ಬದಲಿಸುವಾಗ ಫೈಲ್ ಒಯ್ಯಿರಿ.
* ಯಾರಾದರೂ ಸಾಯುವ ಮಾತಾಡಿದರೆ ಹಗುರವಾಗಿ ನೋಡಬೇಡಿ. ಆ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಅಪಾಯ ಹೆಚ್ಚುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ 14416ಕ್ಕೆ ಕರೆ ಮಾಡಿ. ಪ್ರಾಣಕ್ಕೆ ಅಪಾಯವಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.