ಕೊಳೆ ಕಳೆಯುವ ಮಣ್ಣು

‘ಮಣ್ಣುಪಾಲಾಯಿತು’ ಎಂದರೆ ಹಾಳಾಯಿತೆಂದೇ ನಮ್ಮ ಮಾತಿನಲ್ಲಿ ಅರ್ಥ. ಆದರೂ ನಮ್ಮ ಹಿರಿಯರು ಅದೇ ಮಣ್ಣಿನಿಂದ ಕೈ ತೊಳೆದರು, ಪಾತ್ರೆ ಬೆಳಗಿದರು. ಮಡಿವಾಳರು ಚೌಳುಮಣ್ಣಿನಿಂದ ಬಟ್ಟೆ ಒಗೆದರು. ಹೆಂಗಸರು ಜೇಡಿಮಣ್ಣಿನಿಂದ ತಲೆಯ ಜಿಡ್ಡು ತೆಗೆದರು. ಚೌಳಿನಲ್ಲಿ ಕೆಲಸ ಮಾಡಿದ್ದು ಅದರೊಳಗಿನ ಸೋಡಾ. ಜೇಡಿಯಲ್ಲಿ ಕೆಲಸ ಮಾಡಿದ್ದು ಜಿಡ್ಡನ್ನು ಹೀರುವ ಗುಣ. ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನು ರಸಾಯನಶಾಸ್ತ್ರದ ಬಾಗಿಲಿಗೆ ಎಳೆದು ತಂದದ್ದು ಈ ಎರಡನೆಯ ಗುಣ.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಕೆಂಪು ನೆಲವೂ ಉಂಟು, ಎರೆಯ ನೆಲವೂ ಉಂಟು. ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಎರೆಯು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ವರ್ಗದ ಜೇಡಿ. 1847ರಲ್ಲಿ ಫ್ರಾನ್ಸಿನ ಒಂದು ಊರಿನಿಂದ ಬಂದ ಹೆಸರಿದು. ಓಲೆಗರಿಯ ಕಟ್ಟಿನಂತೆ ಪದರ ಪದರವಾಗಿರುವ ಈ ಜೇಡಿಯ ಒಂದು ಗ್ರಾಮನ್ನು ಬಿಡಿಸಿ ಲೆಕ್ಕ ಹಾಕಿದರೆ, ಪದರಗಳ ಮೈ ಸುಮಾರು 700 ಚದರ ಮೀಟರಾಗುತ್ತದೆ.

ಆದರೆ ಹೀರಿದ ಕೊಳೆ ನಾಶವಾದ ಕೊಳೆಯಲ್ಲ. ಅದು ನೀರಿನಿಂದ ಮಣ್ಣಿಗೆ ದಾಟಿತು, ಅಷ್ಟೆ. ಅದನ್ನು ಒಡೆಯುವ ದಾರಿ ಬೇರೊಂದು ಕಡೆಯಿಂದ ಬಂತು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಕಬ್ಬಿಣ ಮತ್ತು ಹೈಡ್ರೊಜನ್ ಪೆರಾಕ್ಸೈಡು ಜೊತೆಗೂಡಿ ಉತ್ಕರ್ಷಿಸುತ್ತವೆಂದು 1894ರಲ್ಲಿ ಫೆಂಟನ್ ಎಂಬ ಇಂಗ್ಲಿಷ್ ವಿದ್ವಾಂಸ ಪ್ರಕಟಿಸಿದ. ಇತ್ತ ಜೇಡಿಯೂ ಸುಮ್ಮನಿರಲಿಲ್ಲ. ಆಮ್ಲದಿಂದ ಹದಗೊಳಿಸಿದ ಜೇಡಿಯನ್ನೇ ಕ್ರಿಯಾವರ್ಧಕವಾಗಿ ಬಳಸಿ, ಭಾರವಾದ ತೈಲವನ್ನು ಪೆಟ್ರೋಲಾಗಿ ಒಡೆಯುವ ಹೂಡ್ರಿಯ ವಿಧಾನ 1937ರಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ನೆಲೆಗೊಂಡಿತು. ಮುಂದೆ ಈ ಎರಡು ದಾರಿಗಳು ಕೂಡಿದವು. ಜೇಡಿಯ ಪದರಗಳ ನಡುವೆ ಕಬ್ಬಿಣವನ್ನು ನಿಲ್ಲಿಸಿ ಪೆರಾಕ್ಸೈಡು ಬೆರೆಸಿದರೆ, ನೀರಿನಲ್ಲಿರುವ ಬಣ್ಣದ ಅಣುಗಳು ಮುರಿಯುತ್ತವೆ. ಕ್ರಿಯೆ ಪೂರ್ತಿಯಾದರೆ ಮುಖ್ಯವಾಗಿ ಇಂಗಾಲದ ಡೈಆಕ್ಸೈಡು, ನೀರು, ಒಂದಿಷ್ಟು ಲವಣ ಉಳಿಯುತ್ತವೆ. ಜೇಡಿಯನ್ನು ಸೋಸಿ ಮತ್ತೆ ಬಳಸಬಹುದು.

ಇದನ್ನು ಕೇಳಿ, ಎರೆಮಣ್ಣನ್ನು ಬುಟ್ಟಿಯಲ್ಲಿ ತಂದು ಚರಂಡಿಗೆ ಸುರಿದರೆ ಕೆಸರು ಹೆಚ್ಚೀತೇ ಹೊರತು ನೀರು ತಿಳಿಯಾಗದು. ಜೇಡಿಯನ್ನು ಹದಗೊಳಿಸಬೇಕು, ನೀರಿನ ಹುಳಿಯನ್ನು ಅಳತೆಯಲ್ಲಿಡಬೇಕು, ಕಬ್ಬಿಣ ಕರಗಿ ಹೋಗದಂತೆ ನೋಡಿಕೊಳ್ಳಬೇಕು. ಪೆರಾಕ್ಸೈಡಿಗೆ ಬೆಲೆಯುಂಟು. ನೀರಿನ ಉಪ್ಪನ್ನಂತೂ ಈ ವಿಧಾನ ತೆಗೆಯದು.

ಆದ್ದರಿಂದಲೇ ಇದು ಕೆರೆಯಲ್ಲಿ ಮಾಡುವ ಕೆಲಸವಲ್ಲ, ಕಾರ್ಖಾನೆಯ ಹೊಸ್ತಿಲಲ್ಲಿ ಮಾಡುವ ಕೆಲಸ. ಕೊಳ್ಳೇಗಾಲದ ರೇಷ್ಮೆಗೆ ಬಣ್ಣ ಬೇಕು, ಬೇಡವೆನ್ನಲಾಗದು. ಆದರೆ ಬಣ್ಣದ ತೊಟ್ಟಿಯ ನೀರು ತೊಟ್ಟಿಯ ಬಳಿ ಕೊಡಗಳ ಲೆಕ್ಕದಲ್ಲಿರುತ್ತದೆ. ಕೆರೆಗೆ ಬಿದ್ದ ಮೇಲೆ ಅದಕ್ಕೆ ಲೆಕ್ಕವೇ ಇಲ್ಲ. ನಮ್ಮ ಹಿರಿಯರು ಕೆರೆಯ ಹೂಳೆತ್ತಿ ಹೊಲಕ್ಕೆ ಹೊತ್ತರು. ಆ ಹೂಳು ಬೆಳೆಗೆ ಗೊಬ್ಬರವಾಯಿತು. ವಿಷ ಬೆರೆತ ಹೂಳನ್ನು ಯಾವ ಹೊಲಕ್ಕೆ ಹೊರೋಣ? ಮಣ್ಣಿಗೆ ಕೊಳೆ ಕಳೆಯುವ ಶಕ್ತಿ ಇದೆ ನಿಜ. ಅದನ್ನು ಎಲ್ಲಿ, ಯಾವಾಗ ಬಳಸಬೇಕೆಂಬ ವಿವೇಕ ಮಾತ್ರ ಮಣ್ಣಿನದಲ್ಲ, ನಮ್ಮದು.