ರಾಕೆಟ್ಟಿನ ನೋದಕಗಳಲ್ಲಿ ಮೀಥೇನಿನ ಸ್ಥಾನ

ಕ್ರಿ. ಶ. ೨೦೨೩ನೆಯ ಜುಲೈ ೧೨ರಂದು ಚೀನಾ ದೇಶದ ಜಿಯುಚುವಾನ್ ಕ್ಷೇತ್ರದಿಂದ ಮೇಲೆದ್ದ ‘ಝೂಚ್ಯುವೆ-೨’ ಎಂಬ ರಾಕೆಟ್ಟು ಭೂಮಿಯ ಕಕ್ಷೆಯನ್ನು ಸೇರಿತು. ದ್ರವ ಮೀಥೇನನ್ನು ಉರಿಸಿ ಕಕ್ಷೆಯನ್ನು ಮುಟ್ಟಿದ ರಾಕೆಟ್ಟುಗಳಲ್ಲಿ ಇದೇ ಮೊದಲನೆಯದು. ಇದನ್ನು ಆಧಾರ ಮಾಡಿಕೊಂಡು ಮೀಥೇನು ಈ ಶತಮಾನದ ಹೊಸ ನೋದಕವೆಂದು ಹೇಳುವವರುಂಟು. ಈ ಮಾತು ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ. ಐರೋಪ್ಯ ಖಂಡದಲ್ಲಿ ಮೊತ್ತಮೊದಲು ಹಾರಿದ ದ್ರವನೋದಕದ ರಾಕೆಟ್ಟೇ ಮೀಥೇನಿನದು. ಅದು ಹಾರಿದ್ದು ೧೯೩೧ರಲ್ಲಿ. ಅಷ್ಟು ಹಿಂದೆಯೇ ಕೈಗೆ ಬಂದಿದ್ದ ವಸ್ತುವು ತೊಂಬತ್ತು ವರ್ಷಗಳ ಕಾಲ ಏಕೆ ಬದಿಗೆ ಸರಿದಿತ್ತು, ಈಗ ಏಕೆ ಮರಳಿತು ಎಂಬುದೇ ಪ್ರಕೃತ ವಿಚಾರ.

೧

ಮೊದಲು ಶಬ್ದವಿಚಾರ. ಇಂಧನವೂ ನೋದಕವೂ ಒಂದೇ ಅಲ್ಲ. ‘ಇಂಧ್’ ಧಾತುವಿನಿಂದಾದ ಇಂಧನವು ಉರಿಯತಕ್ಕದ್ದು. ‘ನುದ್’ ಧಾತುವಿನಿಂದಾದ ನೋದಕವು ತಳ್ಳತಕ್ಕದ್ದು. ಬಾಣದ ಮೊದಲ ಚಲನೆಗೆ ನೋದನವು ಕಾರಣವೆಂದೂ, ಮುಂದಿನ ಚಲನೆಗೆ ಸಂಸ್ಕಾರವು ಕಾರಣವೆಂದೂ ವೈಶೇಷಿಕ ಸೂತ್ರಗಳ ಐದನೆಯ ಅಧ್ಯಾಯದಲ್ಲಿ ಪ್ರತಿಪಾದಿತವಾಗಿದೆ. ಇಷ್ಟರಿಂದಲೇ ಪ್ರಾಚೀನರಿಗೆ ರಾಕೆಟ್ಟು ತಿಳಿದಿತ್ತೆಂದು ಸಾಧಿಸಹೊರಡುವುದು ಸಾಹಸವಾದೀತು. ಅಲ್ಲಿಯ ಬಾಣವು ಬಿಲ್ಲಿನಿಂದ ಬಿಟ್ಟದ್ದು. ಆದರೂ ಶಬ್ದವು ಉಚಿತವಾಗಿದೆ. ಒಲೆಯ ಸೌದೆಗೆ ಬೇಕಾದ ಆಮ್ಲಜನಕವನ್ನು ಸುತ್ತಲಿನ ಗಾಳಿಯು ಒದಗಿಸುವುದು. ರಾಕೆಟ್ಟಾದರೋ ಗಾಳಿಯಿಲ್ಲದ ಎಡೆಯಲ್ಲಿ ಸಂಚರಿಸಬೇಕಾದ್ದರಿಂದ ಇಂಧನದೊಡನೆ ಆಮ್ಲಜನಕವನ್ನೂ ತಾನೇ ಹೊತ್ತೊಯ್ಯಬೇಕು. ಇವೆರಡೂ ಕೂಡಿದುದು ನೋದಕ. ಈ ಭೇದವನ್ನು ಮರೆತು ಇಂಧನವನ್ನು ಮಾತ್ರ ತೂಗಿದರೆ ನಿರ್ಣಯವು ಹೇಗೆ ತಪ್ಪುವುದೆಂಬುದು ಮುಂದೆ ಕಂಡುಬರುವುದು.

ಹೈದರಾಲಿ ಮತ್ತು ಟೀಪು ಸುಲ್ತಾನರ ಮೈಸೂರು ಸೇನೆಯ ಬಾಣಗಳಲ್ಲಿಯೂ ಇದೇ ತತ್ತ್ವವಿತ್ತು. ಕಬ್ಬಿಣದ ಕೊಳವೆಯೊಳಗೆ ತುಂಬಿದ ಮದ್ದಿನಲ್ಲಿ ಇದ್ದಲೂ ಗಂಧಕವೂ ಉರಿಯುವ ಪದಾರ್ಥಗಳು. ಅವಕ್ಕೆ ಆಮ್ಲಜನಕವನ್ನು ಕೊಡುವುದು ಪೆಟ್ಲುಪ್ಪು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ೨೦೧೮ರಲ್ಲಿ ಇಂಥ ಸಾವಿರಕ್ಕೂ ಮಿಕ್ಕ ಬಾಣಗಳು ದೊರೆತವು. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ತರುವಾಯ ಇಂಗ್ಲೆಂಡಿಗೆ ಒಯ್ದ ಬಾಣಗಳು ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಕವಾದುವು. ಆದರೆ ಮದ್ದಿನ ಬಲವು ಪರಿಮಿತವಾದುದು. ಅದರಿಂದ ಭೂಮಿಯ ಆಕರ್ಷಣವನ್ನು ಗೆಲ್ಲಲಾಗದು. ಆದಕಾರಣ ವಿಜ್ಞಾನಿಗಳ ದೃಷ್ಟಿಯು ದ್ರವಗಳ ಕಡೆಗೆ ತಿರುಗಿತು.

೨

ರಷ್ಯಾದ ಸಿಯೊಲ್ಕೊವ್ಸ್ಕಿಯು ೧೯೦೩ರಲ್ಲಿಯೇ ದ್ರವ ಜಲಜನಕ ಮತ್ತು ದ್ರವ ಆಮ್ಲಜನಕಗಳ ಯೋಗವನ್ನು ಸೂಚಿಸಿದನು. ಅಮೆರಿಕದ ರಾಬರ್ಟ್ ಗಾಡರ್ಡನು ೧೯೨೬ನೆಯ ಮಾರ್ಚ್ ೧೬ರಂದು ಪೆಟ್ರೋಲು ಮತ್ತು ದ್ರವ ಆಮ್ಲಜನಕಗಳಿಂದ ಜಗತ್ತಿನ ಮೊದಲ ದ್ರವನೋದಕ ರಾಕೆಟ್ಟನ್ನು ಹಾರಿಸಿದನು. ಮುಂದೆ ಐದು ವರ್ಷಗಳಲ್ಲಿ, ೧೯೩೧ನೆಯ ಮಾರ್ಚ್ ೧೪ರಂದು, ಜರ್ಮನಿಯ ಡೆಸ್ಸೌ ಪಟ್ಟಣದ ಬಳಿ ಯೋಹಾನ್ನೆಸ್ ವಿಂಕ್ಲರನು ದ್ರವ ಮೀಥೇನಿನ ರಾಕೆಟ್ಟನ್ನು ಹಾರಿಸಿದನು. ಈತನು ೧೯೨೭ರಲ್ಲಿ ಬ್ರೆಸ್ಲೌ ನಗರದಲ್ಲಿ ಸ್ಥಾಪಿತವಾದ ಜರ್ಮನ್ ಅಂತರಿಕ್ಷಯಾನ ಸಂಘದ ಮೊದಲ ಅಧ್ಯಕ್ಷ.

ವಿಂಕ್ಲರನು ಬಳಸಿದ ವಸ್ತು ಅಪೂರ್ವವಾದುದೇನೂ ಅಲ್ಲ. ಇಟಲಿಯ ವೋಲ್ಟನು ೧೭೭೬ರಲ್ಲಿ ಮಗ್ಗಿಯೋರೆ ಸರೋವರದ ಜೌಗಿನಿಂದ ಇದನ್ನು ಹಿಡಿದು ಪರೀಕ್ಷಿಸಿದ್ದನು. ನಮ್ಮ ಹಳ್ಳಿಗಳಲ್ಲಿ ಸಗಣಿಯಿಂದ ಉಂಟಾಗಿ ಒಲೆಯಲ್ಲಿ ಉರಿಯುವ ಗೊಬ್ಬರ ಅನಿಲದಲ್ಲಿಯೂ ಹೆಚ್ಚಿನ ಭಾಗ ಇದೇ.

ವಿಂಕ್ಲರನ ಎರಡನೆಯ ರಾಕೆಟ್ಟು ೧೯೩೨ನೆಯ ಅಕ್ಟೋಬರ್ ೬ರಂದು ನೆಲದಿಂದ ಏಳುತ್ತಲೇ ಸಿಡಿದುಹೋಯಿತು. ಸೋರಿದ ಮೀಥೇನು ಹೊದಿಕೆಯೊಳಗೆ ಆಮ್ಲಜನಕದೊಡನೆ ಬೆರೆತು ಹೊತ್ತಿಕೊಂಡುದೇ ಇದಕ್ಕೆ ಕಾರಣ. ಮೀಥೇನಿನ ಗುಣದಂತೆಯೇ ಅದರ ದೋಷವೂ ಆದಿಯಲ್ಲಿಯೇ ಪ್ರಕಟವಾಯಿತೆನ್ನಬೇಕು.

೩

ಅನಂತರದ ಇತಿಹಾಸವು ಪ್ರಯೋಜನಗಳ ಇತಿಹಾಸ. ೧೯೪೨ರಲ್ಲಿ ಹಾರಿದ ಜರ್ಮನಿಯ ವಿ-೨ ಅಸ್ತ್ರಕ್ಕೆ ಮದ್ಯಸಾರವು ಇಂಧನವಾಯಿತು. ೧೯೫೭ರಲ್ಲಿ ಸ್ಪುಟ್ನಿಕ್ಕನ್ನು ಒಯ್ದ ರಷ್ಯನ್ ರಾಕೆಟ್ಟು ಸೀಮೆಎಣ್ಣೆಯನ್ನು ಆಶ್ರಯಿಸಿತು. ಯುದ್ಧಾಸ್ತ್ರಗಳು ತಿಂಗಳುಗಟ್ಟಲೆ ಸಿದ್ಧವಾಗಿ ನಿಂತಿರಬೇಕಾದ್ದರಿಂದ, ಅತಿಶೀತವನ್ನು ಬೇಡದ, ಆದರೆ ವಿಷಮಯವಾದ, ಹೈಡ್ರಜೀನ್ ವರ್ಗದ ದ್ರವಗಳು ಪ್ರಚಾರಕ್ಕೆ ಬಂದುವು, ಭಾರತದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಎರಡನೆಯ ಹಂತದಲ್ಲಿಯೂ ಈ ವರ್ಗದ ದ್ರವವೇ ಉಂಟು. ೧೯೬೯ರಲ್ಲಿ ಮನುಷ್ಯರನ್ನು ಚಂದ್ರನಿಗೆ ಕಳುಹಿಸಿದ ಸ್ಯಾಟರ್ನ್-೫ರಲ್ಲಿ ಕೆಳಗಿನ ಹಂತಕ್ಕೆ ಸೀಮೆಎಣ್ಣೆ, ಮೇಲಿನ ಎರಡು ಹಂತಗಳಿಗೆ ಜಲಜನಕ. ಒಂದೇ ರಾಕೆಟ್ಟಿನಲ್ಲಿ ಎರಡು ಇಂಧನಗಳನ್ನು ಇರಿಸಿದುದರಿಂದಲೇ, ಸರ್ವತ್ರ ಉತ್ತಮವಾದ ನೋದಕವೊಂದಿಲ್ಲವೆಂಬುದು ವಿದಿತವಾಗುವುದು.

ಈಗ ತಾರತಮ್ಯವನ್ನು ನೋಡಬೇಕು. ಒಂದು ಪ್ರಮಾಣದ ನೋದಕವು ತನ್ನ ತೂಕಕ್ಕೆ ಸಮನಾದ ತಳ್ಳುವಿಕೆಯನ್ನು ಎಷ್ಟು ಸೆಕೆಂಡು ಕೊಡಬಲ್ಲುದೆಂಬುದು ಮೊದಲನೆಯ ಅಳತೆ. ಶೂನ್ಯಪ್ರದೇಶದಲ್ಲಿ ಜಲಜನಕಕ್ಕೆ ಇದು ಸುಮಾರು ೪೫೦, ಮೀಥೇನಿಗೆ ೩೫೦ರಿಂದ ೩೮೦, ಸೀಮೆಎಣ್ಣೆಗೆ ೩೪೦ರ ಆಸುಪಾಸು. ಈ ಅಳತೆಯಲ್ಲಿ ಜಲಜನಕವೇ ಅಗ್ರಗಣ್ಯ. ಆದರೆ ದ್ರವ ಜಲಜನಕವು ಘನಮೀಟರಿಗೆ ೭೧ ಕಿಲೋಗ್ರಾಮು ಮಾತ್ರ ತೂಗುವುದರಿಂದ ದೊಡ್ಡ ತೊಟ್ಟಿ ಬೇಕು. ಅದನ್ನು ಶೂನ್ಯಕ್ಕಿಂತ ೨೫೩ ಡಿಗ್ರಿ ಕೆಳಗಿನ ಶೀತದಲ್ಲಿ ಕಾಪಾಡಬೇಕು. ಮೀಥೇನಿಗೆ ೧೬೧ ಡಿಗ್ರಿಯ ಶೀತವು ಸಾಕು. ಆಮ್ಲಜನಕದ ೧೮೩ ಡಿಗ್ರಿಗೆ ಇದು ಸಮೀಪವಾದುದರಿಂದ ಎರಡೂ ದ್ರವಗಳು ನೆರೆಹೊರೆಯಾಗಿ ಇರಬಲ್ಲುವು.

ಎರಡನೆಯದು ಸಾಂದ್ರತೆಯ ಅಳತೆ. ಘನಮೀಟರಿಗೆ ಸೀಮೆಎಣ್ಣೆ ಸುಮಾರು ೮೧೦ ಕಿಲೋಗ್ರಾಮು, ದ್ರವ ಮೀಥೇನು ೪೨೨. ಇದರಿಂದ ಮೀಥೇನಿನ ರಾಕೆಟ್ಟಿಗೆ ಇಮ್ಮಡಿ ದೊಡ್ಡ ತೊಟ್ಟಿಗಳು ಬೇಕೆಂದು ತೋರುವುದು. ಇಲ್ಲಿಯೇ ಹಿಂದೆ ಹೇಳಿದ ಇಂಧನ-ನೋದಕ ಭೇದವು ಪ್ರಯೋಜನಕ್ಕೆ ಬರುವುದು. ಒಂದು ಕಿಲೋಗ್ರಾಮು ಸೀಮೆಎಣ್ಣೆಗೆ ೨.೬ ಕಿಲೋಗ್ರಾಮು ಆಮ್ಲಜನಕವನ್ನು ಸೇರಿಸಿದರೆ, ಮೀಥೇನಿಗೆ ೩.೬ನ್ನು ಸೇರಿಸುವರು. ಆಮ್ಲಜನಕವು ಭಾರವಾದ ದ್ರವ. ಎರಡನ್ನೂ ಕೂಡಿಸಿ ಎಣಿಸಿದಲ್ಲಿ ಘನಮೀಟರಿಗೆ ಸೀಮೆಎಣ್ಣೆಯ ನೋದಕ ಸುಮಾರು ೧೦೨೫, ಮೀಥೇನಿನದು ೮೩೦, ಜಲಜನಕದ್ದು ೩೬೦ ಕಿಲೋಗ್ರಾಮು. ಅರ್ಧದಷ್ಟೆಂದು ಕಂಡ ಕೊರತೆಯು ಐದನೆಯ ಒಂದು ಭಾಗಕ್ಕೆ ಇಳಿಯಿತು.

ಮೂರನೆಯದು ನೈರ್ಮಲ್ಯ. ಸೀಮೆಎಣ್ಣೆಯು ಉರಿದಾಗ ಎಂಜಿನ್ನಿನ ಸೂಕ್ಷ್ಮ ಮಾರ್ಗಗಳಲ್ಲಿ ಮಸಿ ಕಟ್ಟುವುದು. ಮೀಥೇನಿನ ಕಣದಲ್ಲಿ ಇಂಗಾಲದ ಪರಮಾಣು ಒಂದೇ ಆದ್ದರಿಂದ ಮಸಿ ಅತ್ಯಲ್ಪ. ಒಮ್ಮೆ ಹಾರಿ ಸಮುದ್ರಕ್ಕೆ ಬೀಳುವ ಎಂಜಿನ್ನಿಗೆ ಮಸಿಯ ಚಿಂತೆಯಿಲ್ಲ. ಮತ್ತೆ ಮತ್ತೆ ಹಾರಬೇಕಾದುದಕ್ಕೆ ಅದು ದೊಡ್ಡ ಚಿಂತೆ. ಪುನರುಪಯೋಗವು ಗುರಿಯಾದಮೇಲೆ ಮೀಥೇನು ನೆನಪಿಗೆ ಬಂದುದು ಈ ಕಾರಣದಿಂದ.

೪

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ಸೀಮೆಎಣ್ಣೆಯ ಫಾಲ್ಕನ್-೯ ರಾಕೆಟ್ಟಿನ ಕೆಳಹಂತವು ೨೦೧೫ರಲ್ಲಿ ನೆಲಕ್ಕೆ ಮರಳಿತು, ೨೦೧೭ರಿಂದ ಅಂಥ ಹಂತಗಳು ಮತ್ತೆ ಹಾರಿವೆ, ಜಲಜನಕದ ಎಂಜಿನ್ನುಗಳನ್ನು ಅಮೆರಿಕದ ಷಟಲ್ ನೌಕೆಯು ೧೯೮೧ರಿಂದ ೨೦೧೧ರ ವರೆಗೆ ಪುನಃ ಪುನಃ ಉಪಯೋಗಿಸಿತು, ಹೀಗಿರಲು ಮೀಥೇನಿನ ಅವಶ್ಯಕತೆಯೇನು? ಈ ಆಕ್ಷೇಪವು ನಿರಾಧಾರವಲ್ಲ. ಮೀಥೇನು ಅನಿವಾರ್ಯವೆಂದು ಹೇಳುವುದಕ್ಕೆ ಪ್ರಮಾಣವಿಲ್ಲ. ಒಂದೊಂದು ಗುಣವನ್ನೂ ಬೇರೆಯಾಗಿ ಅಳೆದರೆ ಬಲದಲ್ಲಿ ಜಲಜನಕಕ್ಕೂ, ಸಾಂದ್ರತೆಯಲ್ಲಿ ಸೀಮೆಎಣ್ಣೆಗೂ ಅದು ಸೋಲುವುದು. ಆದರೆ ಎರಡೂ ಕಡೆ ಸ್ವಲ್ಪದರಲ್ಲಿ ಸೋತು, ಮಸಿಯನ್ನೂ ಅತಿಶೀತವನ್ನೂ ಒಟ್ಟಿಗೆ ತಪ್ಪಿಸುವ ವಸ್ತು ಇದು. ಅದರ ಗೆಲುವು ಗುಣಸಮುದಾಯದಲ್ಲಿದೆ.

ಇನ್ನೊಂದು ಪ್ರಯೋಜನವುಂಟು. ಇಂಗಾಲದ ಡೈ ಆಕ್ಸೈಡಿನಿಂದಲೂ ಜಲಜನಕದಿಂದಲೂ ಮೀಥೇನನ್ನು ಮಾಡುವ ಕ್ರಮವು ೧೯೧೨ರ ನೊಬೆಲ್ ಬಹುಮಾನಿತನಾದ ಫ್ರಾನ್ಸಿನ ಪಾಲ್ ಸಬಾತಿಯೆಯ ಹೆಸರಿನಿಂದ ಪ್ರಸಿದ್ಧವಾಗಿದೆ. ಮಂಗಳಗ್ರಹದ ವಾಯುವಿನಲ್ಲಿ ನೂರಕ್ಕೆ ೯೫ ಪಾಲು ಇಂಗಾಲದ ಡೈ ಆಕ್ಸೈಡು. ಆದುದರಿಂದ ಮರಳುವ ದಾರಿಯ ನೋದಕವನ್ನು ಅಲ್ಲಿಯೇ ಸಿದ್ಧಪಡಿಸಬಹುದೆಂದು ೧೯೯೦ರಲ್ಲಿ ಜೂಬ್ರಿನ್ ಮತ್ತು ಬೇಕರ್ ಎಂಬವರು ಯೋಜಿಸಿದರು. ೨೦೨೧ರ ಏಪ್ರಿಲಿನಲ್ಲಿ ಅಲ್ಲಿ ಸಿದ್ಧವಾದುದು ಆಮ್ಲಜನಕ ಮಾತ್ರ, ಅದೂ ಕೆಲವೇ ಗ್ರಾಮು, ಮೀಥೇನಲ್ಲ.

ದೋಷವನ್ನು ಮುಚ್ಚತಕ್ಕದ್ದಲ್ಲ. ೨೦೨೫ನೆಯ ಜನವರಿ ೧೬ರಂದು ಅಮೆರಿಕದ ‘ಸ್ಟಾರ್‌ಷಿಪ್’ ಎಂಬ ಮೀಥೇನಿನ ನೌಕೆಯು ಹಿಂಭಾಗದಲ್ಲಿ ನೋದಕವು ಸೋರಿ, ಬೆಂಕಿ ಹತ್ತಿ ನಾಶವಾಯಿತು. ವಿಂಕ್ಲರನ ರಾಕೆಟ್ಟನ್ನು ಸಿಡಿಸಿದ ದೋಷವೇ ೯೩ನೆಯ ವರ್ಷದಲ್ಲಿ ಮತ್ತೆ ಕಾಣಿಸಿಕೊಂಡಿತು.

ಅದೇ ದಿನ ಮೀಥೇನಿನ ‘ನ್ಯೂ ಗ್ಲೆನ್’ ರಾಕೆಟ್ಟು ಮೊದಲ ಯತ್ನದಲ್ಲಿಯೇ ಕಕ್ಷೆಯನ್ನು ಸೇರಿತೆಂಬುದೂ ಸ್ಮರಣಾರ್ಹ. ಭಾರತದ ಕೇಂದ್ರ ಮಂತ್ರಿಮಂಡಲವು ೨೦೨೪ರ ಸೆಪ್ಟೆಂಬರಿನಲ್ಲಿ ಸಮ್ಮತಿಸಿದ ಮುಂದಿನ ಪೀಳಿಗೆಯ ಉಡಾವಣಾ ವಾಹನಕ್ಕೂ ಮೀಥೇನನ್ನೇ ಆರಿಸಿಕೊಂಡಿರುವರು. ಕೆಳಹಂತವನ್ನು ಮರಳಿ ಪಡೆಯುವುದು ಅದರ ಉದ್ದೇಶಗಳಲ್ಲೊಂದು. ಇದರಿಂದ ಸಿದ್ಧವಾಗುವ ಅರ್ಥವಿಷ್ಟು: ನೋದಕಗಳ ಉತ್ತಮಾಧಮಭಾವವು ಪ್ರಯೋಜನವನ್ನು ಅವಲಂಬಿಸಿರುವುದು. ೧೯೩೧ರ ಮೀಥೇನಿಗೂ ಇಂದಿನ ಮೀಥೇನಿಗೂ ವಸ್ತುತಃ ಭೇದವಿಲ್ಲ. ಅದರಿಂದ ಬಯಸುವ ಕಾರ್ಯವು ಬೇರೆಯಾಗಿದೆ. ಆದಕಾರಣ ಅದನ್ನು ಹೊಸದೆನ್ನುವುದಕ್ಕಿಂತ ಮರಳಿ ಬಂದುದೆನ್ನುವುದು ಇತಿಹಾಸಕ್ಕೆ ಸಮ್ಮತವಾದ ಮಾತು. ವಿಂಕ್ಲರನಿಗೆ ಸಲ್ಲಬೇಕಾದುದು ಆಗ ಸಲ್ಲುವುದು.