ಕೈಯಿಂದ ಕೈಗೆ ಸಾಗಿದ ಆಟಗಳು



ಚೌಕಾಬಾರ ಆಡುವುದನ್ನು ನಿಮಗೆ ಕಲಿಸಿದವರು ಯಾರು? ಪುಸ್ತಕವಲ್ಲ, ಜಾಹೀರಾತೂ ಅಲ್ಲ. ಆಡುವವರ ಪಕ್ಕದಲ್ಲಿ ಕುಳಿತು, ನೋಡಿಯೇ ಕಲಿತಿರುತ್ತೀರಿ. ಗಣಕಯಂತ್ರದ ಆಟಗಳ ಚರಿತ್ರೆಯಲ್ಲೂ ದೊಡ್ಡ ಕಂಪನಿಗಳ ಬೆಂಬಲವಿಲ್ಲದ ರಚನಕಾರರು, ಬಿಡುವಿನ ವೇಳೆಯಲ್ಲಷ್ಟೇ ಆಡುವ ಸಾಮಾನ್ಯ ಜನರನ್ನು ಅನೇಕ ಸಲ ತಲುಪಿದ್ದು ಹೀಗೆಯೇ.

1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿಟ್ನೋವ್ ‘ಟೆಟ್ರಿಸ್’ ರಚಿಸಿದರು. ಅವರ ಯಂತ್ರಕ್ಕೆ ಚಿತ್ರ ಮೂಡಿಸುವ ಶಕ್ತಿಯಿರಲಿಲ್ಲ. ಮೇಲಿನಿಂದ ಬೀಳುವ ತುಂಡುಗಳನ್ನು ಆವರಣ ಚಿಹ್ನೆಗಳಿಂದಲೇ ತೋರಿಸಬೇಕಾಯಿತು. ಅದನ್ನು ಐ.ಬಿ.ಎಂ. ಪಿ.ಸಿ.ಗೆ ಅಳವಡಿಸಲು ನೆರವಾದ ವಾದಿಮ್ ಗೆರಾಸಿಮೋವ್ ಆಗ ಇನ್ನೂ ಶಾಲಾ ವಿದ್ಯಾರ್ಥಿ! ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಆಟ ಮಾಸ್ಕೋ ನಗರದಲ್ಲೆಲ್ಲ ಹರಡಿತು. ಅದರ ನಿಯಮ ನೋಡಿದೊಡನೆ ತಿಳಿಯುತ್ತಿತ್ತು. ಅದಕ್ಕೆ ಯಾವ ಭಾಷೆಯ ಹಂಗೂ ಇರಲಿಲ್ಲ. 1989ರಲ್ಲಿ ನಿಂಟೆಂಡೊ ಕಂಪನಿಯ ‘ಗೇಮ್ ಬಾಯ್’ ಯಂತ್ರದ ಜೊತೆಗೂಡಿ ಅದು ದೇಶ ದೇಶಗಳನ್ನು ಸುತ್ತಿತು. ಆದರೆ ಮಾರಾಟದ ಹಕ್ಕು ಸೋವಿಯತ್ ಸರ್ಕಾರದ ಕೈಯಲ್ಲಿತ್ತು. ಪಜಿಟ್ನೋವ್ ಅವರಿಗೆ ರಾಯಲ್ಟಿ ದೊರೆಯತೊಡಗಿದ್ದು 1996ರಲ್ಲಿ, ಆಟ ಹುಟ್ಟಿ ಹನ್ನೆರಡು ವರ್ಷಗಳ ನಂತರ!

ಹಾಗಾದರೆ ಆಟವೂ ಹರಡಬೇಕು, ಅದನ್ನು ಕಟ್ಟಿದವರ ಹೊಟ್ಟೆಯೂ ತುಂಬಬೇಕು ಎಂದರೆ ದಾರಿ ಯಾವುದು? 1987ರಲ್ಲಿ ಅಮೆರಿಕದ ಸ್ಕಾಟ್ ಮಿಲ್ಲರ್ ಒಂದು ಉಪಾಯ ಕಂಡರು. ತಮ್ಮ ‘ಕ್ರಾಜ್’ ಆಟದ ಮೊದಲ ಭಾಗವನ್ನು ಯಾರು ಬೇಕಾದರೂ ಉಚಿತವಾಗಿ ನಕಲು ಮಾಡಿ ಹಂಚಬಹುದು. ಮುಂದಿನ ಭಾಗಗಳು ಬೇಕಾದವರು ಹಣ ಕೊಟ್ಟು ತರಿಸಿಕೊಳ್ಳಬೇಕು. ನಕಲನ್ನು ತಡೆಯುವ ಬದಲು ಅದನ್ನೇ ಅವರು ಪ್ರಚಾರವಾಗಿಸಿದರು. ಮುಂದೆ ಹಲವು ಸಣ್ಣ ತಂಡಗಳು ಇದೇ ಹಾದಿ ಹಿಡಿದವು.

ಫ್ಲಾಪಿಗಳ ಕಾಲ ಮುಗಿದರೂ ಈ ಸೂತ್ರ ಹಳತಾಗಲಿಲ್ಲ. ಜೋಶ್ ವಾರ್ಡಲ್ ತಮ್ಮ ಸಂಗಾತಿಗಾಗಿ ಕಟ್ಟಿದ ಪದಗಳ ಆಟ ‘ವರ್ಡಲ್’ ಅನ್ನು 2021ರ ನವೆಂಬರ್ 1ರಂದು ಆಡಿದವರು ಕೇವಲ 90 ಜನ. 2022ರ ಜನವರಿ 2ರಂದು 3 ಲಕ್ಷಕ್ಕೂ ಹೆಚ್ಚು! ದಿನಕ್ಕೊಂದೇ ಪದ, ಎಲ್ಲರಿಗೂ ಅದೇ ಪದ. ಉತ್ತರ ಬಿಟ್ಟುಕೊಡದೆ, ಬಣ್ಣದ ಚೌಕಗಳಲ್ಲಿ ಫಲಿತಾಂಶವನ್ನು ಗೆಳೆಯರಿಗೆ ಕಳುಹಿಸುವ ಅನುಕೂಲ ಬೇರೆ. ಆಡಿದವರೇ ಅದರ ಪ್ರಚಾರಕರಾದರು.

ನೀವೂ ಒಂದು ಆಟ ರಚಿಸುವಿರಾದರೆ, ಮೊದಲು ಪಕ್ಕದ ಬೆಂಚಿನ ಗೆಳೆಯನಿಗೋ ಗೆಳತಿಗೋ ಕೊಟ್ಟು ಸುಮ್ಮನೆ ನೋಡುತ್ತಿರಿ. ನಿಮ್ಮ ವಿವರಣೆಯಿಲ್ಲದೆ ಅವರು ಅದನ್ನು ಇನ್ನೊಬ್ಬರಿಗೆ ಕಲಿಸಬಲ್ಲರೇ? ಕಲಿಸಿದರೆ ನಿಮ್ಮ ಆಟಕ್ಕೆ ಜನ ದೊರೆತಂತೆಯೇ. ಆದರೆ ಅದರ ಹಕ್ಕು ಯಾರದು ಎಂಬುದನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ. ಪಜಿಟ್ನೋವ್ ಕಾದ ಹನ್ನೆರಡು ವರ್ಷಗಳನ್ನು ಮರೆಯಬೇಡಿ.